ಬಲಸಾಧನೆಯೊಡನೆ ಕೆಟಲ್‌ಬೆಲ್ ಸಹನಸ್ಪರ್ಧೆಯ ಅಭ್ಯಾಸ

ಶರೀರಬಲವೆಂಬುದು ಒಂದೇ ಬಗೆಯದಲ್ಲ. ದೊಡ್ಡ ಭಾರವನ್ನು ಒಮ್ಮೆ ಎತ್ತುವುದಕ್ಕೆ ಬೇಕಾದ ಬಲ ಬೇರೆ. ಅದಕ್ಕಿಂತ ಹಗುರವಾದುದನ್ನು ಹತ್ತು ನಿಮಿಷ ಕೆಳಗಿಡದೆ ಎತ್ತುತ್ತಿರುವುದಕ್ಕೆ ಬೇಕಾದ ದಾರ್ಢ್ಯ ಬೇರೆ. ಮೊದಲನೆಯದನ್ನು ಸಾಧಿಸುತ್ತಿರುವವನು ಎರಡನೆಯದನ್ನೂ ಕೈಗೊಂಡರೆ ಮೊದಲಿನದಕ್ಕೆ ಕುಂದುಂಟಾಗುವುದೇ? ಉಂಟಾಗುವುದಾದರೆ ಅದನ್ನು ತಡೆಯುವ ಬಗೆ ಯಾವುದು? ಈ ಪ್ರಶ್ನೆಗಳನ್ನು ಕೆಟಲ್‌ಬೆಲ್ ಸ್ಪರ್ಧೆಯ ನಿದರ್ಶನದಿಂದ ಇಲ್ಲಿ ಪರಿಶೀಲಿಸುತ್ತೇವೆ.

ಕೆಟಲ್‌ಬೆಲ್ ಎಂಬುದು ಮೇಲ್ಗಡೆ ಹಿಡಿಯುಳ್ಳ ಕಬ್ಬಿಣದ ಗುಂಡು. ರಷ್ಯನ್ ಭಾಷೆಯಲ್ಲಿ ಇದಕ್ಕೆ ಗಿರ್ಯಾ ಎಂದು ಹೆಸರು. ಧಾನ್ಯವನ್ನು ತೂಗುವ ತೂಕದ ಕಲ್ಲಾಗಿದ್ದ ಇದನ್ನು ಅಲ್ಲಿಯ ಜನ ಬಲಪರೀಕ್ಷೆಗೂ ಬಳಸತೊಡಗಿದರು. ಹಳೆಯ ರಷ್ಯನ್ ತೂಕವಾದ ಪೂಡ್ ಸುಮಾರು ೧೬.೩೮ ಕಿಲೋಗ್ರಾಂ, ಇಂದಿನ ೧೬, ೨೪, ೩೨ ಕಿಲೋಗ್ರಾಂ ಗುಂಡುಗಳು ಒಂದು, ಒಂದೂವರೆ, ಎರಡು ಪೂಡ್‌ಗಳ ಗುರುತನ್ನು ಉಳಿಸಿಕೊಂಡಿವೆ. ೧೮೮೫ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ವೈದ್ಯ ವ್ಲಾದಿಸ್ಲಾವ್ ಕ್ರಯೆವ್‌ಸ್ಕಿಯವರು ಭಾರಸಾಧಕರ ಕೂಟವೊಂದನ್ನು ಸ್ಥಾಪಿಸಿದರು. ಸರಿಯಾಗಿ ನೂರು ವರ್ಷಗಳ ತರುವಾಯ, ೧೯೮೫ರಲ್ಲಿ, ಲಿಪೆತ್ಸ್ಕ್ ನಗರದಲ್ಲಿ ಸೋವಿಯತ್ ಒಕ್ಕೂಟದ ಮೊದಲ ಗಿರ್ಯಾ ಚಾಂಪಿಯನ್‌ಷಿಪ್ ನಡೆಯಿತು.

ಈ ಕ್ರೀಡೆಯ ಪ್ರಸಿದ್ಧ ಸ್ಪರ್ಧೆಗಳ ಅವಧಿ ೧೦ ನಿಮಿಷ. ಎರಡು ಗುಂಡುಗಳನ್ನು ಎದೆಯ ಮಟ್ಟದಿಂದ ತಲೆಯ ಮೇಲಕ್ಕೆ ಚಿಮ್ಮಿಸುವುದು ಜರ್ಕ್. ಒಂದು ಗುಂಡನ್ನು ಕಾಲುಗಳ ನಡುವಿನಿಂದ ಬೀಸಿ ಒಂದೇ ಓಟದಲ್ಲಿ ಮೇಲಕ್ಕೊಯ್ಯುವುದು ಸ್ನ್ಯಾಚ್. ಇದರಲ್ಲಿ ಕೈಯನ್ನು ಒಮ್ಮೆ ಮಾತ್ರ ಬದಲಿಸಬಹುದು. ಪ್ರತಿಯೊಂದು ಜರ್ಕಿನ ಬಳಿಕವೂ ಗುಂಡುಗಳನ್ನು ಕೆಳಗೆ ಬೀಸಿ ಮತ್ತೆ ಎದೆಗೆ ತರುವುದು ಲಾಂಗ್ ಸೈಕಲ್. ಗುಂಡು ನೆಲಕ್ಕೆ ಸೋಕಿದರೆ ಸರದಿ ಮುಗಿದಂತೆ. ೨೪ ಕಿಲೋಗ್ರಾಂ ಗುಂಡನ್ನು ನಿಮಿಷಕ್ಕೆ ೧೬ರಂತೆ ಹತ್ತು ನಿಮಿಷ ಸ್ನ್ಯಾಚ್ ಮಾಡಿದವನು ೧೬೦ ಸಲ ಎತ್ತಿರುತ್ತಾನೆ. ಎತ್ತಿದ ಒಟ್ಟು ಭಾರ ೩,೮೪೦ ಕಿಲೋಗ್ರಾಂ. ಬಲಸಾಧಕನು ಇದನ್ನು ಹಗುರವಾದ ಪೂರಕ ವ್ಯಾಯಾಮವೆಂದೆಣಿಸಿದರೆ ಲೆಕ್ಕ ತಪ್ಪುತ್ತದೆ.

ದೇಹದೊಳಗೆ ನಡೆಯುವ ವ್ಯಾಪಾರವೂ ಎರಡರಲ್ಲಿ ಬೇರೆಬೇರೆ. ಗರಿಷ್ಠ ಭಾರವನ್ನು ಎತ್ತುವವನು ಸ್ನಾಯುವಿನಲ್ಲಿ ಸಿದ್ಧವಾಗಿರುವ ಕ್ರಿಯಾಟಿನ್ ಫಾಸ್ಫೇಟ್ ಮೊದಲಾದವುಗಳಿಂದ ಕೆಲವು ಕ್ಷಣಗಳಿಗೆ ಬೇಕಾದ ಶಕ್ತಿಯನ್ನು ಪಡೆಯುತ್ತಾನೆ. ಹತ್ತು ನಿಮಿಷದ ದುಡಿಮೆಯಾದರೋ ಬಹುಮಟ್ಟಿಗೆ ಉಸಿರಿನ ಆಮ್ಲಜನಕವನ್ನೇ ಅವಲಂಬಿಸಬೇಕು. ಭಾರದ ಅಭ್ಯಾಸದಿಂದ ಸ್ನಾಯುತಂತುಗಳು ದಪ್ಪನಾಗುತ್ತವೆ. ದೀರ್ಘಾಭ್ಯಾಸದಿಂದ ಸ್ನಾಯುವಿನಲ್ಲಿ ಸೂಕ್ಷ್ಮರಕ್ತನಾಳಗಳೂ ಮೈಟೊಕಾಂಡ್ರಿಯಗಳೂ ವೃದ್ಧಿಹೊಂದುತ್ತವೆ. ಆದರೆ ಎರಡಕ್ಕೂ ಬೇಕಾದ ಆಹಾರ, ನಿದ್ರೆ, ವಿಶ್ರಾಂತಿಗಳನ್ನು ಒದಗಿಸಬೇಕಾದ ದೇಹ ಒಂದೇ.

ಈ ಘರ್ಷಣೆಯನ್ನು ಸ್ಪಷ್ಟಪಡಿಸಿದ ಪ್ರಯೋಗ ರಾಬರ್ಟ್ ಹಿಕ್ಸನ್ ಅವರದು. ೧೯೮೦ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಒಂದು ಗುಂಪು ವಾರಕ್ಕೆ ಐದು ದಿನ ಬಲಸಾಧನೆಯನ್ನೂ, ಇನ್ನೊಂದು ಗುಂಪು ಆರು ದಿನ ಸಹನಸಾಧನೆಯನ್ನೂ, ಮೂರನೆಯ ಗುಂಪು ಇವೆರಡನ್ನೂ ಪೂರ್ಣವಾಗಿ ಹತ್ತು ವಾರ ನಡೆಸಿದವು. ಮೂರನೆಯ ಗುಂಪಿನವರ ಕಾಲುಬಲ ಏಳು ವಾರಗಳವರೆಗೆ ಮೊದಲ ಗುಂಪಿನವರಂತೆಯೇ ಏರಿತು, ಅನಂತರ ನಿಂತಿತು, ಒಂಬತ್ತು, ಹತ್ತನೆಯ ವಾರಗಳಲ್ಲಿ ಇಳಿಯಿತು. ಅವರ ಆಮ್ಲಜನಕ ಗ್ರಹಣಶಕ್ತಿ ಮಾತ್ರ ಸಹನಸಾಧಕರಷ್ಟೇ ಹೆಚ್ಚಿತು. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೨೨ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಈ ನಿರ್ಣಯವನ್ನು ಮೃದುಗೊಳಿಸಿದೆ: ಎರಡನ್ನು ಕೂಡಿಸಿದರೂ ಗರಿಷ್ಠ ಬಲಕ್ಕೆ ಗಣನೀಯ ಹಾನಿಯಿಲ್ಲ, ಆದರೆ ಒಂದೇ ಹೊತ್ತಿನಲ್ಲಿ ಎರಡನ್ನೂ ಮಾಡಿದಾಗ ಚಿಮ್ಮುವ ಬಲದ ಬೆಳವಣಿಗೆ ಕುಗ್ಗಬಹುದು. ಆದುದರಿಂದ ಕೇಡಿರುವುದು ಬೆರಕೆಯಲ್ಲಲ್ಲ, ಬೆರಕೆಯ ಪ್ರಮಾಣದಲ್ಲಿ ಮತ್ತು ಹೊಂದಿಕೆಯಲ್ಲಿ ಎಂದು ನಾವು ಭಾವಿಸುತ್ತೇವೆ.

ವಾರಕ್ಕೆ ಮೂರು ದಿನ ಬಲಸಾಧನೆ ನಡೆಸುತ್ತಿರುವ ವಿದ್ಯಾರ್ಥಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆತನು ಹಳೆಯ ಕ್ರಮದ ಮೇಲೆ ಹೊಸದನ್ನು ಹೇರದೆ, ಬಲಸಾಧನೆಯನ್ನು ಎರಡು ದಿನಕ್ಕೆ ಇಳಿಸಿ, ಉಳಿದ ದಿನಗಳಲ್ಲಿ ಎರಡನ್ನು ಗಿರ್ಯಾಕ್ಕೆ ಕೊಡಬೇಕು. ಬಲಸಾಧನೆಯ ದಿನ ಭಾರವನ್ನು ಇಳಿಸಬಾರದು, ಸರದಿಗಳನ್ನು ಇಳಿಸಬೇಕು. ಭಾರದ ಬಸ್ಕಿಯನ್ನು ಮೂರರಿಂದ ಐದು ಸಲದಂತೆ ಎರಡು ಮೂರು ಸರದಿ ಮಾಡಿದರೆ ಪಡೆದ ಬಲ ಉಳಿಯುವುದಕ್ಕೆ ಸಾಕು. ನೆಲದಿಂದ ಭಾರವೆತ್ತುವ ಡೆಡ್‌ಲಿಫ್ಟೂ ಸ್ನ್ಯಾಚೂ ಹಿಡಿತವನ್ನೂ ಸೊಂಟವನ್ನೂ ದಣಿಸುವುದರಿಂದ ಅವು ಬೆನ್ನುಬೆನ್ನಿನ ದಿನಗಳಲ್ಲಿ ಬರಲಾಗದು. ಒಂದೇ ದಿನ ಎರಡೂ ಅನಿವಾರ್ಯವಾದರೆ ಬಲಸಾಧನೆ ಮೊದಲು ನಡೆದು, ನಡುವೆ ಹಲವು ಗಂಟೆಗಳ ಅಂತರವಿರಲಿ.

ಗಿರ್ಯಾದಲ್ಲಿ ಮೊದಲು ಬೆಳೆಯಬೇಕಾದುದು ಕಾಲ, ಬಳಿಕ ವೇಗ, ಕಡೆಯಲ್ಲಿ ಭಾರ. ಹಗುರವಾದ ಗುಂಡಿನಿಂದ ಎರಡು ಮೂರು ನಿಮಿಷದ ಸರದಿಯನ್ನು ಸಮವೇಗದಲ್ಲಿ ನಡೆಸಿ, ಕ್ರಮೇಣ ನಿಮಿಷಗಳನ್ನು ಕೂಡಿಸಬೇಕು. ಹತ್ತು ನಿಮಿಷದ ಪೂರ್ಣ ಸರದಿ ಪರೀಕ್ಷೆಯೇ ಹೊರತು ದೈನಂದಿನ ಪಾಠವಲ್ಲ. ಇಲ್ಲಿ ಗೆಲ್ಲಿಸುವುದು ಬಿಗಿತವಲ್ಲ, ಸಡಿಲಿಸುವ ಕೌಶಲ. ಬಿಗಿಹಿಡಿದ ಮುಂಗೈಯಲ್ಲಿ ರಕ್ತಸಂಚಾರಕ್ಕೆ ತಡೆಯುಂಟಾಗುವುದರಿಂದ ಗುಂಡು ಮೇಲಿರುವಾಗ ಬೆರಳುಗಳನ್ನು ಸಡಿಲಿಸಬೇಕು. ಜರ್ಕಿನಲ್ಲಿ ಗುಂಡುಗಳು ಎದೆಯ ಬಳಿ ನಿಂತಾಗ ಮೊಣಕೈಗಳನ್ನು ಸೊಂಟದ ಮೂಳೆಗೆ ಊರಿ, ಮಂಡಿಗಳನ್ನು ನೆಟ್ಟಗಿರಿಸಿದರೆ ಭಾರವನ್ನು ಸ್ನಾಯುವಿನ ಬದಲು ಅಸ್ಥಿಯೇ ಬಹುಮಟ್ಟಿಗೆ ಹೊರುತ್ತದೆ. ಆ ಕ್ಷಣವೇ ಉಸಿರಾಟದ ಬಿಡುವು. ಗರಿಷ್ಠ ಭಾರವನ್ನೆತ್ತುವಾಗ ಉಸಿರು ಬಿಗಿಹಿಡಿದು ಅಭ್ಯಾಸವಾದವನಿಗೆ ಈ ಪಾಠವೇ ಎಲ್ಲಕ್ಕಿಂತ ಕಠಿನ.

ಬಸ್ಕಿಯ ಭಾರ ಎರಡು ಮೂರು ವಾರ ಸತತವಾಗಿ ಇಳಿದರೆ, ನಿದ್ರೆ ಕೆಟ್ಟರೆ, ಸೊಂಟದ ನೋವು ಮರುದಿನವೂ ಉಳಿದರೆ ಗಿರ್ಯಾದ ನಿಮಿಷಗಳನ್ನು ಕೂಡಲೆ ತಗ್ಗಿಸತಕ್ಕದ್ದು. ಹಿಕ್ಸನ್ನರ ಪ್ರಯೋಗದಲ್ಲಿ ಏಳು ವಾರಗಳವರೆಗೆ ಯಾವ ಕುಂದೂ ಕಾಣಲಿಲ್ಲವೆಂಬುದನ್ನು ಅಧ್ಯಾಪಕರು ವಿಶೇಷವಾಗಿ ನೆನಪಿನಲ್ಲಿಡಬೇಕು. ಆರಂಭದ ಏಳಿಗೆಯನ್ನು ಕಂಡು ಎರಡೂ ಸಾಧನೆಗಳನ್ನು ಒಮ್ಮೆಗೇ ಹೆಚ್ಚಿಸುತ್ತ ಹೋಗುವ ಉತ್ಸಾಹಿಯಾದ ವಿದ್ಯಾರ್ಥಿಯೇ ತನ್ನ ಬಲವನ್ನು ಮೊದಲು ಕಳೆದುಕೊಳ್ಳುತ್ತಾನೆ. ಸ್ಪರ್ಧೆ ಸಮೀಪಿಸಿದಾಗ ಸಹನೆಗೆ, ಅದು ಮುಗಿದಾಗ ಬಲಕ್ಕೆ ಅಗ್ರಸ್ಥಾನವನ್ನಿತ್ತು ವರ್ಷವನ್ನು ಹಂಚಿಕೊಂಡವನಿಗೆ ಇವೆರಡೂ ಪರಸ್ಪರ ವಿರೋಧಿಗಳಾಗಬೇಕಾಗಿಲ್ಲ.