ಅಣ್ಣಿಗೇರಿಯ ಒಂದು ಸಾಲು

ಅಣ್ಣಿಗೇರಿಯ ಬಗ್ಗೆ ಬರೆಯಲು ಕುಳಿತ ಯಾರಿಗೂ ಮೊದಲು ಹೊಳೆಯುವ ಸಾಲು ‘ಇದು ಆದಿಕವಿ ಪಂಪನ ಹುಟ್ಟೂರು’ ಎಂಬುದೇ. ಶಾಲೆಯಲ್ಲಿ ಕಲಿತದ್ದು, ಭಾಷಣಗಳಲ್ಲಿ ಕೇಳಿದ್ದು. ಕನ್ನಡ ವಿಕಿಪೀಡಿಯದ ಪ್ರಯೋಗಪುಟದಲ್ಲಿ ನಾನೂ ಅದನ್ನೇ ಟೈಪ್ ಮಾಡಿದೆ. ಉಲ್ಲೇಖ ಸೇರಿಸುವ ಗುಂಡಿ ಒತ್ತಿದಾಗ ಕೈ ನಿಂತಿತು. ಯಾವ ಪುಸ್ತಕ? ಎಷ್ಟನೆಯ ಪುಟ?

ಆ ಖಾಲಿ ಚೌಕ ತುಂಬಲು ಹೊರಟವರನ್ನು ದಾರಿ ತೆಲಂಗಾಣದ ಕರೀಂನಗರದ ಕಡೆಗೆ ಒಯ್ಯುತ್ತದೆ. ಅಲ್ಲಿನ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಶಾಸನ ಬರೆಸಿದ್ದಾನೆ. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಅದು ಹೇಳುತ್ತದೆ. ತಂದೆ ಭೀಮಪಯ್ಯನ ಮನೆತನ ವೆಂಗಿನಾಡಿನದು. ಅಂದರೆ ಅಣ್ಣಿಗೇರಿ ಕವಿಯ ತಾಯಿಯ ಕಡೆಯ ಊರು ಎಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಪಂಪ ಹುಟ್ಟಿದ್ದೂ ಇಲ್ಲೇ ಎಂಬುದು ಅದರ ಆಧಾರದ ಮೇಲೆ ವಿದ್ವಾಂಸರು ಮಾಡಿದ ಊಹೆ. ನನ್ನ ಸಾಲನ್ನು ಎರಡಾಗಿ ಒಡೆದೆ. ಶಾಸನದ ಮಾತು ಮೊದಲು, ಊಹೆ ಆಮೇಲೆ. ಅಭಿಮಾನಕ್ಕೆ ಕುಂದೇನೂ ಬರಲಿಲ್ಲ. ತಾಯಿಯ ತವರಿನ ನಂಟು ನಮ್ಮ ಕಡೆ ಸಣ್ಣದಲ್ಲ.

ಜಾಲತಾಣದಲ್ಲಿ ಲೇಖನ ಬರೆಯುವುದು ಈಗ ಕಷ್ಟದ ಕೆಲಸವಲ್ಲ. ಪತ್ರಿಕೆಯ ತಾಣವಿರಲಿ, ಪಂಚಾಯಿತಿಯ ತಾಣವಿರಲಿ, ಒಳಗಿನ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಶೀರ್ಷಿಕೆಗೊಂದು ಜಾಗ, ಬರಹಕ್ಕೊಂದು ಜಾಗ, ಚಿತ್ರ ಏರಿಸಲು ಗುಂಡಿ, ಮುನ್ನೋಟ, ಕೊನೆಗೆ ಪ್ರಕಟಣೆ. ಹೆಚ್ಚಿನ ತಾಣಗಳಲ್ಲಿ ತಿದ್ದುವ ಕೀಲಿ ಕೆಲವೇ ಮಂದಿಯ ಕೈಯಲ್ಲಿರುತ್ತದೆ. ತಿದ್ದಿದ ಮೇಲೆ ಮೊದಲು ಏನಿತ್ತು ಎಂಬುದು ಓದುಗರಿಗೆ ಕಾಣುವುದಿಲ್ಲ. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ, 2003ರಲ್ಲಿ ಕನ್ನಡದಲ್ಲಿ ಶುರುವಾದ ವಿಕಿಪೀಡಿಯ ಆ ಕೀಲಿಯನ್ನು ಎಲ್ಲರಿಗೂ ಕೊಟ್ಟಿತು. ಅದು ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಪುಟದ ಮೇಲಿನ ‘ಇತಿಹಾಸ’ ಒತ್ತಿದರೆ ಪ್ರತಿ ತಿದ್ದುಪಡಿಯೂ ತಾರೀಖು, ವೇಳೆ, ಹೆಸರಿನ ಸಮೇತ ಸಾಲಾಗಿ ತೆರೆದುಕೊಳ್ಳುತ್ತದೆ. ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಕೆಡಿಸಿದ್ದನ್ನು ಹಿಂದಿನ ರೂಪಕ್ಕೆ ತರಬಹುದು. ತಾಳೆಗರಿಯ ಕಾಲದಲ್ಲಿ ಲಿಪಿಕಾರ ಬದಲಿಸಿದ ಪಾಠದ ಕೆಳಗೆ ಹಳೆಯದು ಮುಚ್ಚಿಹೋಗುತ್ತಿತ್ತು. ಪಂಪನ ಕಾವ್ಯವನ್ನು ಸಂಪಾದಿಸಿದವರಿಗೆ ಇಂಥದೊಂದು ಪಟ್ಟಿ ಸಿಕ್ಕಿದ್ದರೆ ಎಷ್ಟು ವರ್ಷಗಳ ದುಡಿಮೆ ಉಳಿಯುತ್ತಿತ್ತೋ.

ನಮ್ಮ ಊರುಗಳ ಪುಟಗಳಿಗೆ ತಿದ್ದುಪಡಿ ಯಾಕೆ ಬೇಕು ಎನ್ನುವವರಿಗೆ ನಕ್ಷೆಯನ್ನೇ ತೋರಿಸಬಹುದು. 1997ರಲ್ಲಿ ಧಾರವಾಡದಿಂದ ಗದಗ, ಹಾವೇರಿ ಬೇರೆಯಾದವು. ನವಲಗುಂದ ತಾಲ್ಲೂಕಿನಲ್ಲಿದ್ದ ಅಣ್ಣಿಗೇರಿ 2018ರಲ್ಲಿ ತಾನೇ ತಾಲ್ಲೂಕಾಯಿತು. ಅಲ್ಲಿಯ ಒಂದೊಂದು ಹಳ್ಳಿಯ ಪುಟದಲ್ಲೂ ತಾಲ್ಲೂಕಿನ ಹೆಸರು ಬದಲಾಗಬೇಕು. ಇದು ಬೇಸರದ ಕೆಲಸ, ಆದರೆ ಯಾರಾದರೂ ಮಾಡಲೇಬೇಕು.

ತಿಳಿವಳಿಕೆಯೇ ಬದಲಾದಾಗಿನ ತಿದ್ದುಪಡಿ ಬೇರೆ ತೆರನದು. 2010ರ ಆಗಸ್ಟ್‌ನಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ಸಾಲಾಗಿ ಜೋಡಿಸಿದ್ದ ನೂರಾರು ತಲೆಬುರುಡೆಗಳು ಸಿಕ್ಕವು. 1790ರ ದಶಕದ ಡೋಗಿ ಬರದಲ್ಲಿ ಸತ್ತವರದ್ದು ಎಂಬ ಮಾತು ಹಬ್ಬಿತು. ಬಳಿಕ ಭುವನೇಶ್ವರದಲ್ಲಿ ನಡೆದ ಕಾರ್ಬನ್ ಪರೀಕ್ಷೆ ಅವು ಸುಮಾರು ಆರು ಶತಮಾನಗಳಷ್ಟು ಹಳೆಯವು ಎಂದಿತು. ಇಂಥ ಕಡೆ ಹಳೆಯ ಸಾಲನ್ನು ಅಳಿಸಿಬಿಡುವುದು ತಪ್ಪು. ಯಾವ ವರ್ಷ ಯಾರು ಏನೆಂದರು, ಯಾವ ಪರೀಕ್ಷೆ ಏನು ಹೇಳಿತು ಎಂದು ಕ್ರಮವಾಗಿ ಇಡಬೇಕು. ಸಂಪಾದಕರ ತಾಳ್ಮೆ ತಿಳಿಯುವುದು ಇಲ್ಲಿ.

ಲಿಪಿಯ ತೊಡಕನ್ನೂ ಹೇಳಬೇಕು. ಹಳ್ಳಿಯ ಮೇಷ್ಟ್ರುಗಳು ವರ್ಷಗಟ್ಟಲೆ ಕಲೆಹಾಕಿದ ಊರಿನ ಚರಿತ್ರೆ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದೆ. ಅದನ್ನು ಹಾಗೇ ತಂದು ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಬೇಕು. ಊರಿನ ಹೆಸರೂ ಒಂದೇ ರೀತಿ ಇರುವುದಿಲ್ಲ. ಕಲಘಟಗಿ ಎನ್ನುವವರಿದ್ದಾರೆ, ಕಲಘಟಕಿ ಎನ್ನುವವರೂ ಇದ್ದಾರೆ. ಒಂದಕ್ಕೆ ಲೇಖನ ಬರೆದು ಇನ್ನೊಂದರಿಂದ ಅದಕ್ಕೆ ದಾರಿ ಕೂಡಿಸಿದರೆ ಹುಡುಕುವವರು ಬರಿಗೈಯಲ್ಲಿ ಮರಳುವುದಿಲ್ಲ.

ಕೊಂಡಿಗಳನ್ನು ಕೂಡಿಸುವುದು ನನಗೆ ಅತಿ ಇಷ್ಟದ ಕೆಲಸ. ಕುಂದಗೋಳದ ಪುಟದಿಂದ ಗಾಯಕ ಸವಾಯಿ ಗಂಧರ್ವರಿಗೆ ಒಂದು ಕೊಂಡಿ. 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ ಅವರು. ಅವರಿಂದ ಭೀಮಸೇನ ಜೋಶಿಯವರಿಗೆ, ಹುಬ್ಬಳ್ಳಿಯಿಂದ ರೈಲು ಹಿಡಿದು ಪಾಠಕ್ಕೆ ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರಿಗೆ ಮತ್ತೆರಡು. ಒಂದು ಸಣ್ಣ ಊರಿನಿಂದ ಕಿರಾಣಾ ಘರಾಣೆಯ ಅರ್ಧ ಚರಿತ್ರೆಗೆ ಬಾಗಿಲು ತೆರೆಯುತ್ತದೆ. ಅದೇ ಪುಟಗಳಲ್ಲಿ ಇನ್ನೂ ಬರೆಯದ ವಿಷಯಗಳ ಕೊಂಡಿ ಕೆಂಪಾಗಿ ಕಾಣುತ್ತದೆ. ಕೆಂಪು ಕಂಡಲ್ಲಿ ಒತ್ತಿ ಬರೆಯಲು ಶುರುಮಾಡುವುದು ಹೊಸ ಲೇಖನಕ್ಕೆ ಸುಲಭದ ದಾರಿ.

ಬರೆಯಲು ಶುರುಮಾಡಿದೊಡನೆ ಮೂಲದ ಪ್ರಶ್ನೆ ಮತ್ತೆ ಎದುರಾಗುತ್ತದೆ. ಅರಗಿನ ಬಣ್ಣದ ಕಲಘಟಗಿ ತೊಟ್ಟಿಲು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಬಣ್ಣ ಏರಿಸುವ ಬಗೆಯನ್ನು ಅಚ್ಚಿನಲ್ಲಿ ಹುಡುಕಿದರೆ ಸಿಗುವುದು ಅಲ್ಪ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಕೆ ಸಿಕ್ಕಿರುವುದರಿಂದ ಸ್ವಲ್ಪ ಅನುಕೂಲವಾಯಿತು. ಆ ನೋಂದಣಿಯ ಪತ್ರಿಕೆಯಲ್ಲಿ ಕಸುಬಿನ ವಿವರ ಅಚ್ಚಾಗಿದೆ. ಉಳಿದದ್ದು ನೇಯುವ ಹೆಂಗಸರ ಕೈಯಲ್ಲಿದೆ.

ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಪಂಜಾದಿಂದ ನೂಲು ಬಡಿಯುತ್ತಿದ್ದ ಒಬ್ಬರನ್ನು ಕೇಳಿದೆ, ಇದನ್ನೆಲ್ಲ ಬರೆದಿಟ್ಟ ಪುಸ್ತಕ ಉಂಟೇ ಎಂದು. “ನಮ್ಮ ಅಮ್ಮ ಕಲಿಸಿದ್ಲ್ರಿ ಅಕ್ಕಾರ, ಪುಸ್ತಕ ಎಲ್ಲಿಂದ ತರೂದು?” ಎಂದರು. ವಿಕಿಪೀಡಿಯ ಬಳಗದಲ್ಲೂ ಈ ಪ್ರಶ್ನೆ ಎದ್ದಿದೆ. 2011ರಲ್ಲಿ ಅಚಲ್ ಪ್ರಭಲಾ ಮತ್ತು ಸಂಗಡಿಗರು ಹಿಂದಿ, ಮಲಯಾಳಂ, ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಬಲ್ಲವರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ಉಲ್ಲೇಖವಾಗಿ ಕೊಡುವ ಪ್ರಯೋಗ ನಡೆಸಿದರು. ಬಾಯಿಮಾತಿಗೆ ಆಧಾರದ ಬೆಲೆ ಕೊಡಬೇಕೇ ಎಂಬ ವಾದ ಜೋರಾಗಿಯೇ ನಡೆಯಿತು. ಕೊಡಬೇಕು ಎಂಬುದು ನನ್ನ ನಿಲುವು. ಅಚ್ಚಾದದ್ದೇ ತಿಳಿವಳಿಕೆ ಎಂದರೆ ಜಮಖಾನೆಯ ಪುಟ ಎಂದೂ ಅರ್ಧವೇ.

ಅಷ್ಟರವರೆಗೆ ಮಾಡಬಹುದಾದ ಕೆಲಸ ಚಿತ್ರಗಳದ್ದು. ನಾವೇ ತೆಗೆದ ಫೋಟೊಗೆ ಸಾಮಾನ್ಯವಾಗಿ ಯಾರ ಹಕ್ಕಿನ ತಕರಾರೂ ಇರುವುದಿಲ್ಲ. ಆ ನೇಕಾರ ಮಹಿಳೆಯ ಒಪ್ಪಿಗೆ ಪಡೆದು ಮಗ್ಗದ ಮೇಲಿದ್ದ ಜಮಖಾನೆಯ ಫೋಟೊ ತೆಗೆದೆ. ಅಲ್ಲೇ ಕುಳಿತು ಮೊಬೈಲಿನಲ್ಲಿ ಏರಿಸಿ, ಅಡಿಬರಹದಲ್ಲಿ ‘ಚದುರಂಗದ ವಿನ್ಯಾಸ’ ಎಂದು ಬರೆದು ಪ್ರಕಟಿಸಿ ಅವರಿಗೆ ಓದಿಹೇಳಿದೆ.

“ಚದುರಂಗ ಅಲ್ರಿ, ಪಗಡಿ ಅದು. ನಾಕೂ ಕಡೆ ಮನಿ ಅದಾವ ನೋಡ್ರಿ.”

ನೋಡಿದೆ. ಇದ್ದವು. ಮತ್ತೆ ಸಂಪಾದಿಸಿ ಒತ್ತಿ ಪದ ಬದಲಿಸಿದೆ. ಪ್ರಕಟಿಸುವ ಮುಂಚೆ ಏನು ತಿದ್ದಿದಿರಿ ಎಂದು ಒಂದು ಸಾಲಿನಲ್ಲಿ ಬರೆಯಲು ಅಲ್ಲೊಂದು ಚೌಕ ಇರುತ್ತದೆ. ಇತಿಹಾಸದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಆ ಸಾಲು ಈಗಲೂ ಇದೆ: ‘ನವಲಗುಂದದ ನೇಕಾರ ಮಹಿಳೆ ತಿದ್ದಿದ್ದು.’