ಪಡ್ರೆಯ ಹುಡುಗರು ಮತ್ತು ನಮ್ಮ ಔಷಧಿ ಡ್ರಮ್ಮು



ಕಾಸರಗೋಡಿನ ಪಡ್ರೆ ನಮ್ಮಂತೆಯೇ ಅಡಿಕೆ ತೋಟಗಳ ಊರು. ಅಲ್ಲಿನ ಗೇರುಗುಡ್ಡಗಳಿಗೆ 20 ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಆ ಊರಿನ 117 ಹುಡುಗರನ್ನು ಪರೀಕ್ಷಿಸಿದ ವಿಜ್ಞಾನಿಗಳ ವರದಿ 2003ರಲ್ಲಿ ಪ್ರಕಟವಾಯಿತು. ಔಷಧಿ ಸೋಕದ ಊರಿನ ಹುಡುಗರಿಗಿಂತ ಇವರು ಪ್ರಾಯಕ್ಕೆ ಬರುವುದು ತಡ. ರಕ್ತದಲ್ಲಿ ಗಂಡು ಹಾರ್ಮೋನು ಟೆಸ್ಟೋಸ್ಟಿರೋನ್ ಕಡಿಮೆ. ಅದನ್ನು ಉತ್ಪಾದಿಸೆಂದು ಮಿದುಳಿನ ಬುಡದಿಂದ ಬರುವ ಹಾರ್ಮೋನು ಹೆಚ್ಚು. ಅಂದರೆ ಅಪ್ಪಣೆ ಹೋಗುತ್ತಿತ್ತು, ಕೆಲಸ ಆಗುತ್ತಿರಲಿಲ್ಲ.

ಕಾಯಿಕೊರಕಕ್ಕೆಂದು ನಾನೂ ಅದನ್ನೇ ಹೊಡೆಸಿದವನು. ಡ್ರಮ್ಮಿನಲ್ಲಿ ಕೋಲಾಡಿಸಿ ಕಲಸಿದವನು ಹದಿಮೂರು ವರ್ಷದ ನನ್ನ ಮಗ.

2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆದರೂ ಔಷಧಿ ಯಾವುದೇ ಇರಲಿ, ಕಲಸುವಲ್ಲಿಗೆ ಮಕ್ಕಳನ್ನೂ ಬಸುರಿಯರನ್ನೂ ಬಿಡಬೇಡಿ. ಗಂಡು ಶಿಶುವಿನ ಅಂಗಗಳು ರೂಪುಗೊಳ್ಳುವುದು ಗರ್ಭದಲ್ಲೇ.

– ಕಾರ್ಯದರ್ಶಿ