ಮರುಭೂಮಿಯಲ್ಲಿ ರೈಲುಮಾರ್ಗ ನಿರ್ಮಾಣ: ನೀರು, ಮರಳು, ಉಷ್ಣತೆ

ಗದಗ ಜಿಲ್ಲೆಯ ರೋಣ ತಾಲೂಕಿನ ಸವಡಿ ಮತ್ತು ಅದರ ಸುತ್ತಲಿನ ಊರುಗಳು ಎರೆ ಭೂಮಿಯ ಸೀಮೆಗೆ ಸೇರಿದವು. 1876–78ರ ಕ್ಷಾಮದಲ್ಲಿ ದಖ್ಖನಿನ ಒಳನಾಡಿಗೆ ಧಾನ್ಯ ಸಾಗಿಸುವ ಸಾಧನವಿಲ್ಲದೆ ಅಪಾರ ಜೀವಹಾನಿಯಾಯಿತು. ಈ ಅನುಭವದ ಹಿನ್ನೆಲೆಯಲ್ಲಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ರೂಪುಗೊಂಡಿತು. ಅದು ನಿರ್ಮಿಸಿದ ಗದಗ–ಹೊಟಗಿ ಮೀಟರ್ ಗೇಜ್ ಮಾರ್ಗವು ರೋಣ ತಾಲೂಕಿನ ಹೊಳೆಆಲೂರನ್ನು ಹಾದುಹೋಯಿತು. ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರೊಡನೆ ಹಳಿಯ ಮಟ್ಟವೂ ಕೆಡುತ್ತದೆ. ಆದುದರಿಂದ ಇಲ್ಲಿ ರೈಲುಮಾರ್ಗದ ಮೊದಲ ಪ್ರಶ್ನೆ ಮಣ್ಣಿನೊಳಗಿನ ನೀರು. ಮರುಭೂಮಿಯಲ್ಲಿಯೂ ಮೊದಲ ಪ್ರಶ್ನೆ ನೀರೇ. ಆದರೆ ಅಲ್ಲಿ ಅದು ನೀರಿನ ಅಭಾವದ ಪ್ರಶ್ನೆ.

ಪೂರ್ವ ಆಫ್ರಿಕದ ಉಗಾಂಡ ರೈಲ್ವೆ ಇದಕ್ಕೆ ಉತ್ತಮ ನಿದರ್ಶನ. 1896ರಲ್ಲಿ ಮೊಂಬಾಸಾದಿಂದ ಆರಂಭವಾದ ಈ ಮೀಟರ್ ಗೇಜ್ ಮಾರ್ಗಕ್ಕೆ ಭಾರತದಿಂದ ಸುಮಾರು 32,000 ಕಾರ್ಮಿಕರನ್ನು ಒಯ್ಯಲಾಯಿತು. ಕರಾವಳಿಯನ್ನು ದಾಟಿದೊಡನೆ ಎದುರಾದುದು ತರು ಎಂಬ ನೀರಿಲ್ಲದ ಮುಳ್ಳುಗಾಡು. ಹಾಕಿದ ಹಳಿಯ ಮೇಲೆಯೇ ನೀರಿನ ಗಾಡಿಗಳನ್ನು ಓಡಿಸಿ ಮುಂದಿನ ಕಾಮಗಾರಿಯನ್ನು ನಡೆಸಬೇಕಾಯಿತು. ಹಳಿ ಮುಂದೆ ಸಾಗಿದಂತೆ ನೀರು ತರುವ ದೂರವೂ ಬೆಳೆಯಿತು. 1901ರಲ್ಲಿ ಹಳಿ ವಿಕ್ಟೋರಿಯಾ ಸರೋವರವನ್ನು ಮುಟ್ಟಿತು. ಅಷ್ಟರಲ್ಲಿ ಸುಮಾರು 2,500 ಭಾರತೀಯರು ಪ್ರಾಣ ಕಳೆದುಕೊಂಡಿದ್ದರು.

ಮೊದಲ ಮಹಾಯುದ್ಧದ ಕಾಲದಲ್ಲಿ ಈ ಪಾಠವನ್ನು ವ್ಯವಸ್ಥಿತವಾಗಿ ಬಳಸಲಾಯಿತು. 1916ರಲ್ಲಿ ಸುಯೆಜ್ ಕಾಲುವೆಯ ಕಂಟಾರಾದಿಂದ ಸಿನಾಯ್ ಮರಳುಗಾಡಿನೊಳಗೆ ರೈಲುಮಾರ್ಗವನ್ನು ಕೊಂಡೊಯ್ಯುವಾಗ, ಅದರ ಜೊತೆಗೆ ನೈಲ್ ನೀರಿನ ಕೊಳವೆಮಾರ್ಗವನ್ನೂ ಹಾಸಲಾಯಿತು. ಈಜಿಪ್ಟಿನ ಕಾರ್ಮಿಕ ದಳ ಇದರಲ್ಲಿ ದುಡಿಯಿತು. 1917ರ ಆರಂಭದಲ್ಲಿ ಮಾರ್ಗವು ಎಲ್ ಅರೀಶ್ ತಲುಪಿತು. ಸುಯೆಜ್ ಕಾಲುವೆಯ ರಕ್ಷಣೆಗೆ ನಿಂತು, 1918ರ ಸೆಪ್ಟೆಂಬರ್ 23ರಂದು ಹೈಫಾ ಕದನದಲ್ಲಿ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಸೇರಿದ್ದ ಸೈನ್ಯದ ಮುನ್ನಡೆಗೆ ಈ ಹಳಿ ಮತ್ತು ಕೊಳವೆಗಳೇ ಆಧಾರವಾಗಿದ್ದವು.

ಎರಡನೆಯ ಸಮಸ್ಯೆ ಮರಳಿನದು. ಗಾಳಿಗೆ ಚಲಿಸುವ ಮರಳಿನ ಬಹುಭಾಗವು ನೆಲಕ್ಕೆ ಸಮೀಪದಲ್ಲಿಯೇ ಕುಪ್ಪಳಿಸುತ್ತ ಸಾಗುತ್ತದೆ. ಅಡ್ಡ ಸಿಕ್ಕಿದ ಕಡೆ ನಿಂತು ರಾಶಿಯಾಗುತ್ತದೆ. ಆದುದರಿಂದ ನೆಲವನ್ನು ಕೊರೆದು ಮಾರ್ಗ ಮಾಡುವುದಕ್ಕಿಂತ, ಏರಿಯನ್ನು ಎತ್ತರಿಸಿ ಅದರ ಇಳಿಜಾರನ್ನು ಮಂದವಾಗಿಟ್ಟು ಮರಳು ಮೇಲಿಂದ ಹಾದುಹೋಗುವಂತೆ ಮಾಡುವುದು ಲೇಸು. ಗಾಳಿ ಬೀಸುವ ದಿಕ್ಕಿನಲ್ಲಿ ಬೇಲಿ ಹಾಕುವುದು, ಸಡಿಲ ಮರಳಿನ ಮೇಲೆ ಜಲ್ಲಿ ಅಥವಾ ಜೇಡಿಮಣ್ಣು ಹೊದಿಸುವುದು ಇತರ ಉಪಾಯಗಳು. ಹಳಿಯ ಕೆಳಗಿನ ಜಲ್ಲಿಯಲ್ಲಿ ಮರಳು ತುಂಬಿಕೊಂಡರೆ ಅದರ ಸ್ಥಿತಿಸ್ಥಾಪಕ ಗುಣ ಕುಂದಿ, ಹಳಿಯೂ ಗಾಲಿಯೂ ಬೇಗ ಸವೆಯುತ್ತವೆ. ನಫೂದ್ ಮರುಭೂಮಿಯನ್ನು ದಾಟಿ, 2011ರಲ್ಲಿ ಖನಿಜ ಸಾಗಣೆಯನ್ನು ಆರಂಭಿಸಿದ ಸೌದಿ ಅರೇಬಿಯದ ಉತ್ತರ–ದಕ್ಷಿಣ ಮಾರ್ಗವು ಎದುರಿಸಿದ ಮುಖ್ಯ ಸವಾಲೂ ಇದೇ. ಸುತ್ತ ಮರಳಿದ್ದರೂ ಅದು ಕಾಂಕ್ರೀಟಿಗೆ ಒದಗುವುದಿಲ್ಲ. ಗಾಳಿಯಲ್ಲಿ ಉರುಳಿದ ಅದರ ಕಣಗಳು ನುಣುಪಾಗಿಯೂ ಗುಂಡಗಾಗಿಯೂ ಇರುತ್ತವೆ.

ಮೂರನೆಯದು ಉಷ್ಣತೆ. ಉಷ್ಣತೆ 40 ಡಿಗ್ರಿ ಏರಿದಾಗ ಒಂದು ಕಿಲೋಮೀಟರ್ ಉದ್ದದ ಉಕ್ಕಿನ ಹಳಿ ಬಿಡುವಿದ್ದರೆ ಸುಮಾರು 46 ಸೆಂಟಿಮೀಟರ್ ಹಿಗ್ಗುತ್ತದೆ. ಬೆಸೆದ ಹಳಿಗೆ ಹಿಗ್ಗಲು ಎಡೆಯಿಲ್ಲ. ಒಳಗೆ ಒತ್ತಡ ಕೂಡಿಕೊಂಡು ಹಳಿ ಪಕ್ಕಕ್ಕೆ ಬಾಗಬಹುದು. ಸ್ಥಳೀಯ ಉಷ್ಣತೆಗೆ ಹೊಂದುವಂತೆ ಒತ್ತಡರಹಿತ ಉಷ್ಣತೆಯೊಂದನ್ನು ನಿಗದಿಪಡಿಸಿ ಹಳಿಯನ್ನು ಬಿಗಿಯಬೇಕಾಗುತ್ತದೆ. ಕಾಂಕ್ರೀಟನ್ನು ತಂಪಾದ ಹೊತ್ತಿನಲ್ಲಿ, ಬೇಕಾದರೆ ಮಂಜುಗಡ್ಡೆ ಬೆರೆಸಿ, ಹಾಕುತ್ತಾರೆ. ಸೌದಿ ಅರೇಬಿಯದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ದುಡಿಸುವುದನ್ನು ನಿಷೇಧಿಸಲಾಗಿದೆ. ಕಾಮಗಾರಿಯ ವೇಳಾಪಟ್ಟಿ ಈ ಗಂಟೆಗಳನ್ನು ಮೊದಲೇ ಕಳೆದು ರೂಪುಗೊಳ್ಳಬೇಕು.

ಭಾರತ ಸರ್ಕಾರವು 1976ರಲ್ಲಿ ಸ್ಥಾಪಿಸಿದ ಇರ್ಕಾನ್ ಸಂಸ್ಥೆ ಇರಾಕ್, ಅಲ್ಜೀರಿಯಾ ಮೊದಲಾದ ದೇಶಗಳಲ್ಲಿ ರೈಲ್ವೆ ಕಾಮಗಾರಿಗಳನ್ನು ನಡೆಸಿದೆ. ಕರ್ನಾಟಕದ ಎಂಜಿನಿಯರುಗಳೂ ಕಾರ್ಮಿಕರೂ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಇಂಥ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ನೀರು, ನೆರಳು ಹಾಗೂ ವಿಶ್ರಾಂತಿಯನ್ನು ಪೂರಕ ವೆಚ್ಚವೆಂದು ಕೊನೆಗೆ ಸೇರಿಸುವುದು ಸರಿಯಲ್ಲ. ಉಕ್ಕು, ಜಲ್ಲಿಗಳಂತೆ ಅವೂ ನಿರ್ಮಾಣದ ಮೂಲ ಸಾಮಗ್ರಿಗಳು. ತರು ಬಯಲಿನಿಂದ ಸಿನಾಯ್‌ವರೆಗಿನ ಅನುಭವ ಇದನ್ನೇ ದೃಢಪಡಿಸುತ್ತದೆ.